ಕರೆಂಟು ಹೋದಾಗ ಬರುವ ದನಿಗಳು

ಕರೆಂಟು ಹೋದಾಗ ಮುಖ ಅರಳುವ ಮನುಷ್ಯ ನಮ್ಮ ಮಧುಗಿರಿಯಲ್ಲಿ ಬಹುಶಃ ನಾನೊಬ್ಬನೇ ಇರಬೇಕು. ಸಂಜೆ ದೀಪಗಳು ಆರಿದ ಕ್ಷಣ ಅಕ್ಕಪಕ್ಕದ ಮನೆಗಳಿಂದ ಒಕ್ಕೊರಲಿನಲ್ಲಿ ಒಂದು ‘ಥತ್’ ಹೊರಡುತ್ತದೆ. ಧಾರಾವಾಹಿಯ ಸೊಸೆ ಕಣ್ಣೀರು ಒರೆಸಿಕೊಳ್ಳುವ ಮೊದಲೇ ಮಾಯವಾದಳೆಂದು ಎದುರುಮನೆಯವರು ಕರೆಂಟಿನವರ ವಂಶವನ್ನೆಲ್ಲ ಉದ್ಧಾರ ಮಾಡತೊಡಗುತ್ತಾರೆ. ನಾನು ಮಾತ್ರ ಎರಡನೇ ಪಂಕ್ತಿಗೆ ಕರೆ ಬಂದವನ ಹಾಗೆ ಸರಸರನೆ ಮಹಡಿ ಹತ್ತುತ್ತೇನೆ. ಕೈಯಲ್ಲಿ ರೇಡಿಯೋ, ಹೆಗಲ ಮೇಲೆ ಏರಿಯಲ್ಲಿಗೆಂದು ಸುತ್ತಿದ ತಾಮ್ರದ ತಂತಿ. ಈ ದೃಶ್ಯವನ್ನು ನೋಡಿ ನೋಡಿ ದಣಿದ ನನ್ನ ಹೆಂಡತಿ ಈಗ ಟಾರ್ಚು ಹಿಡಿಯುವ ಸೌಜನ್ಯವನ್ನಷ್ಟೇ ಉಳಿಸಿಕೊಂಡಿದ್ದಾಳೆ.

ನನ್ನ ಈ ಸಮಾಜದ್ರೋಹಿ ಸಂತೋಷಕ್ಕೆ ಕಾರಣವಿದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಟೀವಿಯ ಪೆಟ್ಟಿಗೆ, ಇವೆಲ್ಲ ನಮ್ಮ ಕಿವಿಗೆ ಮೌನವ್ರತಿಗಳಾದರೂ ಶಾರ್ಟ್‌ವೇವ್ ರೇಡಿಯೋದ ಪಾಲಿಗೆ ಮಹಾ ವಾಚಾಳಿಗಳು. ಕರೆಂಟಿರುವಷ್ಟು ಹೊತ್ತು ಒಂದೇ ಸಮನೆ ಗೊರಗೊರ ಎನ್ನುತ್ತಿರುತ್ತವೆ. ಕರೆಂಟು ಹೋಯಿತೋ, ಆ ಗಲಾಟೆ ನಿಂತು ಆಕಾಶ ತೆರೆದುಕೊಳ್ಳುತ್ತದೆ, ದೂರದವರು ಮಾತಾಡತೊಡಗುತ್ತಾರೆ.

ದೂರದವರೆಂದರೆ ಗೌರವಾನ್ವಿತ ಸರ್ಕಾರಿ ರೇಡಿಯೋ ನಿಲಯಗಳಲ್ಲ. ನನ್ನ ಒಲವು ಲೈಸೆನ್ಸಿಲ್ಲದವರ ಮೇಲೆ. ಯಾವುದೋ ದೇಶದಲ್ಲಿ, ಯಾರದೋ ಮನೆಯ ಅಟ್ಟದಲ್ಲಿ, ಕೈಯಾರೆ ಜೋಡಿಸಿದ ಯಂತ್ರದ ಮುಂದೆ ಕೂತು, ನಾಲ್ಕು ಹಾಡು ಹಾಕಿ, ಅರೆಬರೆ ಮಾತಾಡಿ, ಹಿಡಿಯುವವರು ಬರುವ ಮುನ್ನ ಗಂಟುಮೂಟೆ ಕಟ್ಟುವ ಪುಣ್ಯಾತ್ಮರು ಇದ್ದಾರೆ. ಅವರಿಗಿಂತ ನಿಗೂಢವಾದವು, ಯಾರು, ಯಾರಿಗಾಗಿ ಎಂದು ತಿಳಿಸದೆ ಬರೀ ಅಂಕಿಗಳನ್ನು ಓದುವ ನಿಲಯಗಳು; ಗೂಢಚಾರರಿಗೆ ಕಳಿಸುವ ಸಂಕೇತವೆಂದು ಕೆಲವರ ಊಹೆ. ಇತಿಹಾಸ ಪಾಠ ಮಾಡುವ ನನಗೆ ಸಿದ್ಧಾಂತ ಹೆಣೆಯುವ ಚಟ ಮೊದಲಿನಿಂದ ಇರುವುದರಿಂದ, ಪುರಾವೆಯೇ ಇಲ್ಲದ ಈ ಕ್ಷೇತ್ರ ಬಹಳ ಹಿಡಿಸಿಬಿಟ್ಟಿತು.

ಒಮ್ಮೆ ಒಳ್ಳೆಯ ಜಾಗ ಹುಡುಕಿಕೊಂಡು ಪಾವಗಡದ ಕಡೆಯ ನಿಡುಗಲ್ಲಿಗೆ ಹೋಗಿ, ಬೆಟ್ಟದ ಬುಡದ ಬಂಡೆಯ ಮೇಲೆ ಕೂತು, ಅಂಥದೊಂದು ಅಂಕಿ ಓದುವ ಹೆಣ್ಣುದನಿಯನ್ನು ಹಿಡಿದಿದ್ದೆ. ಕುರಿ ಹೊಡೆದುಕೊಂಡು ಬಂದ ಹಿರಿಯರೊಬ್ಬರು ಕೋಲೂರಿ ನಿಂತು ಕೇಳಿಸಿಕೊಂಡು, “ಅಬ್ಬೋ, ಯಾವೂರ ಅಮ್ಮಯ್ಯ ಸ್ವಾಮಿ ಇದು?” ಎಂದರು. ಗೊತ್ತಿಲ್ಲ, ಬರೀ ಲೆಕ್ಕ ಹೇಳುತ್ತಾಳೆ ಎಂದೆ. “ಕುರಿ ಎಣಿಸ್ತಾವ್ಳೇನೋ ಪಾಪ. ಎಷ್ಟೊತ್ನಿಂದ ಎಣಿಸಿದ್ರೂ ತಾಳೆ ಬಂದಂಗಿಲ್ಲ” ಎಂದು ನಿಜವಾಗಿ ಮರುಗಿ ಮುಂದೆ ಹೋದರು. ಗೂಢಚರ್ಯೆಯ ಕುರಿತು ನಾನು ಅಂದಿನವರೆಗೆ ಕಟ್ಟಿಕೊಂಡಿದ್ದ ವಾದಗಳಿಗಿಂತ ಇದೇ ಹೆಚ್ಚು ನಂಬುವಂತಿತ್ತು.

ಈ ಹವ್ಯಾಸದಲ್ಲಿ ಕಲಿಯಬೇಕಾದ ವಿದ್ಯೆ ಒಂದೇ: ದನಿ ಮುಳುಗಿದಾಗ ತಿರುಪು ಮುಟ್ಟಬಾರದು. ಶಾರ್ಟ್‌ವೇವಿನ ದನಿ ನಡುವಾಕ್ಯದಲ್ಲಿ ಇಳಿದು ಮಾಯವಾಗುತ್ತದೆ. ಹೊಸಬರು ಆತುರಪಟ್ಟು ಮುಳ್ಳನ್ನು ಅತ್ತಿತ್ತ ತಿರುಗಿಸಿ, ಇದ್ದದ್ದನ್ನೂ ಕಳೆದುಕೊಳ್ಳುತ್ತಾರೆ. ಪಳಗಿದವನು ಕೈ ಕಟ್ಟಿ ಕೂರುತ್ತಾನೆ. ಆ ಕಡೆಯವನು ಅಲ್ಲೇ ಇದ್ದಾನೆ, ಮಾತಾಡುತ್ತಲೇ ಇದ್ದಾನೆ, ದಾರಿ ಕೆಟ್ಟಿದೆ ಅಷ್ಟೆ ಎಂದು ನಂಬಿ ಕಾಯುತ್ತಾನೆ. ಹೀಗೆ ಸುಮ್ಮನೆ ಕೂರುವುದರಲ್ಲಿ ನಾನು ಪರಿಣತನೆಂದು ಹೇಳಿದರೆ ನಮ್ಮ ಮನೆಯಲ್ಲಿ ಯಾರೂ ಅಲ್ಲಗಳೆಯುವುದಿಲ್ಲ.

ಈ ನಿರುಪಯುಕ್ತ ಪರಿಣತಿ ಉಪಯೋಗಕ್ಕೆ ಬಂದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕೊಡಿಗೇನಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಭಾವನದು ಬಸ್ ನಿಲ್ದಾಣದ ಹತ್ತಿರ ದಿನಸಿ ಅಂಗಡಿ, ಊರಂಚಿನಲ್ಲಿ ಮನೆ, ಮನೆಗೆ ಅಂಟಿಕೊಂಡಂತೆ ಕಡ್ಲೆಕಾಯಿಯ ಹೊಲ. ಅವರ ಮಾತಿನ ರುಚಿಗೆ ಸಿಕ್ಕಿದವರು ಕಣ್ಣೆದುರೇ ಹಿಂದೂಪುರದ ಬಸ್ಸು ತಪ್ಪಿಸಿಕೊಂಡದ್ದುಂಟು. ನನ್ನ ರೇಡಿಯೋವನ್ನು ಕಂಡರಂತೂ ಅವರ ನಾಲಗೆಗೆ ಹಬ್ಬ. ಅಂಥ ಭಾವನಿಗೆ ಹೋದ ಬೇಸಿಗೆಯಲ್ಲಿ ಪಾರ್ಶ್ವವಾಯು ಬಡಿಯಿತು. ದೇವರ ದಯೆಯಿಂದ ಕೈಕಾಲು ಬಹುಮಟ್ಟಿಗೆ ಸರಿಹೋದವು, ಮಾತು ಮಾತ್ರ ಸಿಕ್ಕಿಕೊಂಡಿತು.

ಮಾತು ಒಳಗಿದೆ, ಹೊರಗೆ ಬರುವ ದಾರಿಗೆ ಏಟಾಗಿದೆ, ಅವಸರಪಡಿಸಬೇಡಿ ಎಂದು ತುಮಕೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಆದರೆ ಪ್ರೀತಿಗಿಂತ ಅವಸರದ ವಸ್ತು ಲೋಕದಲ್ಲಿ ಇನ್ನೊಂದಿಲ್ಲ. ಭಾವ “ಅದು… ಅದು…” ಎಂದು ಶುರುಮಾಡಿದರೆ ಸಾಕು, ಅಕ್ಕ ನೀರು ತರುತ್ತಿದ್ದಳು, ನೆರೆಮನೆಯವರು ದಿಂಬು ತರುತ್ತಿದ್ದರು, ನೋಡಲು ಬಂದವರು ಅವರ ವಾಕ್ಯವನ್ನು ತಾವೇ ಮುಗಿಸಿ ಹೌದಲ್ಲವೇ ಎಂದು ತಲೆಯಾಡಿಸುತ್ತಿದ್ದರು. ಬರಬರುತ್ತಾ ಭಾವ ಶುರುಮಾಡುವುದನ್ನೇ ಬಿಟ್ಟರು. ದಸರಾ ರಜೆಗೆ ಹೋದಾಗ ಅಕ್ಕ ನನ್ನನ್ನು ಹಿತ್ತಲಿಗೆ ಕರೆದು, “ಇವ್ರು ಇಂಗೇ ಬಾಯಿ ಮುಚ್ಕೊಂಡ್ಬುಟ್ರೆ ಹೆಂಗೋ? ಬೈಯಾಕಾದ್ರೂ ಒಂದ್ ಮಾತು ಬರ್ಲಿ ಅಂತ ಬೇಡ್ಕಂತಿದೀನಿ” ಎಂದಳು. ನಾನು ಒಳಗೆ ಹೋಗಿ ಚೀಲದಿಂದ ರೇಡಿಯೋ ಹೊರತೆಗೆದೆ.

ಸಂಜೆ ಕರೆಂಟು ಹೋದ ಮೇಲೆ ಜಗುಲಿಯಲ್ಲಿ ಕೂತು, ಹೊಲದ ಬದುವಿನವರೆಗೆ ತಂತಿ ಎಳೆದು, ಹೆಸರಿಲ್ಲದ ಯಾವುದೋ ನಿಲಯ ಹಿಡಿದೆ. ಒಬ್ಬ ಗಂಡಸು ಗೊತ್ತಿಲ್ಲದ ಭಾಷೆಯಲ್ಲಿ ಏನೋ ಹೇಳಿ, ನಕ್ಕು, ತಂತಿವಾದ್ಯದ ಹಾಡೊಂದನ್ನು ಹಾಕಿದ. ಭಾವ ಮುಂದಕ್ಕೆ ಬಾಗಿ ಕೇಳಿದರು. ಯಾರಿಗೂ ಅರ್ಥವಾಗದ ಆ ಮಾತಿನ ಮುಂದೆ ನಾವೆಲ್ಲ ಸಮಾನರಾಗಿದ್ದೆವು; ಅಲ್ಲಿ ಭಾವ ರೋಗಿಯಾಗಿರಲಿಲ್ಲ. ಬಹಳ ದಿನಗಳ ಮೇಲೆ ಅವರ ಮುಖ ಸಡಿಲವಾದದ್ದನ್ನು ಕಂಡೆ.

ಅಷ್ಟರಲ್ಲಿ ಒಂದು ವಿಚಿತ್ರ ಸದ್ದು ಶುರುವಾಯಿತು. ಟಕ್. ಟಕ್. ಟಕ್. ಗಡಿಯಾರದಷ್ಟು ಕ್ರಮಬದ್ಧ. ತಿರುಪನ್ನು ಎತ್ತ ತಿರುಗಿಸಿದರೂ ಬಿಡಲಿಲ್ಲ. ಊರಿಗೆಲ್ಲ ಕರೆಂಟಿಲ್ಲ, ಆದ್ದರಿಂದ ಇದು ಸ್ಥಳೀಯ ಗಲಾಟೆಯಾಗಿರಲು ಸಾಧ್ಯವೇ ಇಲ್ಲ ಎಂದು ತರ್ಕಿಸಿ ನಾನು ಪುಳಕಿತನಾದೆ. ಮರುದಿನವೂ ಅಕ್ಕ ದೇವರ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಸರಿಯಾಗಿ ಅದೇ ಟಕ್ ಟಕ್. ಯಾವುದೋ ಬಲಾಢ್ಯ ದೇಶದ ರಹಸ್ಯ ನಿಲಯವಿದು, ಸಮುದ್ರದಾಳದ ಹಡಗುಗಳಿಗೆ ಸಂಕೇತ ಕಳಿಸುತ್ತಿದೆ, ಸೂರ್ಯಾಸ್ತಕ್ಕೂ ಇದಕ್ಕೂ ಗಾಢ ಸಂಬಂಧವಿದೆ ಎಂದು ತರಗತಿಯ ದನಿಯಲ್ಲಿ ವಿವರಿಸತೊಡಗಿದೆ. ಕೇಳುತ್ತಾ ಕೇಳುತ್ತಾ ಭಾವನ ಭುಜ ಕುಲುಕತೊಡಗಿತು.

“ಅದು…” ಎಂದರು.

ಅಕ್ಕ ಒಳಗಿಂದ ಓಡಿ ಬಂದಳು. “ನೀರ್ ಬೇಕಾ? ಚಳಿ ಆಯ್ತದಾ? ಒಳಕ್ಕೋಗಣ್ವಾ?” ಭಾವನ ಮುಖದ ನಗು ಇಳಿಯಿತು, ಬಾಯಿ ಮುಚ್ಚಿತು. ಅದನ್ನು ನೋಡಿದ್ದೇ ನನಗೆ ಹೊಳೆಯಿತು: ದನಿ ಮುಳುಗಿದೆ, ಇವಳು ತಿರುಪು ತಿರುಗಿಸುತ್ತಿದ್ದಾಳೆ! ಕೈ ಎತ್ತಿ ಅಕ್ಕನನ್ನು ತಡೆದೆ. “ಸುಮ್ನಿರಕ್ಕ. ಅವರೇ ಹೇಳ್ತಾರೆ. ಬರ್ತಾ ಇದೆ.”

ಕಾದೆವು. ಟಕ್ ಟಕ್ ಒಂದನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಭಾವನ ತುಟಿ ಅದುರಿತು, ನಿಂತಿತು, ಮತ್ತೆ ಅದುರಿತು. ಅಕ್ಕ ಬಾಯಿಗೆ ಬಂದದ್ದನ್ನು ತಡೆಯಲು ಸೆರಗು ಕಚ್ಚಿಕೊಂಡಳು. ರೇಡಿಯೋದ ಮುಂದೆ ಇಷ್ಟು ಆಸೆಯಿಂದ ನಾನು ಎಂದೂ ಕಾದವನಲ್ಲ.

“ಬೇಲಿ” ಎಂದರು ಭಾವ. ಉಸಿರೆಳೆದುಕೊಂಡು, “ನಮ್… ಬೇಲಿ ಕಣ್ಲಾ ಅದು. ದಡ್ಡ್ ಮುಂಡೇದೆ.”

ಕಾಡುಹಂದಿಗಳ ಕಾಟಕ್ಕೆ ಹೊಲದ ಸುತ್ತ ಹಾಕಿಸಿದ್ದ ಸೋಲಾರ್ ಬೇಲಿ! ಬ್ಯಾಟರಿಯಿಂದ ತಂತಿಗೆ ಕ್ಷಣಕ್ಕೊಂದರಂತೆ ವಿದ್ಯುತ್ತಿನ ಸಣ್ಣ ಏಟು ಕಳಿಸುವ ಪೆಟ್ಟಿಗೆ. ಕರೆಂಟಿನ ಹಂಗು ಅದಕ್ಕಿಲ್ಲ. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಹಿತ್ತಲಿಗೆ ಹೋಗಿ ಅದರ ಗುಂಡಿ ಒತ್ತಿ ಬರುತ್ತಿದ್ದವಳು ಅಕ್ಕನೇ. ಅವಳು ಈಗ ಓಡಿಹೋಗಿ ಆಫ್ ಮಾಡಿದಳು. ನನ್ನ ಬಲಾಢ್ಯ ರಾಷ್ಟ್ರ ತಕ್ಷಣ ಮೌನವಾಯಿತು. ಮತ್ತೆ ಹಾಕಿದಳು, ಟಕ್ ಟಕ್. ಭಾವ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅಕ್ಕ ವಾಪಸು ಬಂದು ಜಗುಲಿಯ ಕಂಬಕ್ಕೊರಗಿ ಅತ್ತುಬಿಟ್ಟಳು. ಬೈಸಿಕೊಂಡು ಇಷ್ಟು ಸುಖಪಟ್ಟವನು ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬನಿದ್ದರೆ ಅವನಿಗೆ ನನ್ನ ನಮಸ್ಕಾರ.

ಅಂದಿನಿಂದ ಮನೆಯಲ್ಲಿ ಹೊಸ ಕಟ್ಟಳೆ ಜಾರಿಗೆ ಬಂತು: ಭಾವ ಶುರುಮಾಡಿದರೆ ಮುಗಿಯುವವರೆಗೆ ಯಾರೂ ಬಾಯಿ ಹಾಕುವಂತಿಲ್ಲ. ಹಾಗೆಂದು ಮಾತು ಧಾರಾಳವಾಗಿ ಹರಿದುಬಂತೆಂದು ಭಾವಿಸಬೇಡಿ. ಕೆಲವು ದಿನ ಒಂದೇ ಪದ, ಕೆಲವು ದಿನ ಅದೂ ಇಲ್ಲ. ಒಂದು ಸಂಜೆಯಂತೂ ಸಿಟ್ಟಿನಿಂದ ಲೋಟ ಎಸೆದರು. ಆದರೆ ಶುರುಮಾಡುವುದನ್ನು ಬಿಡಲಿಲ್ಲ, ಅದೇ ನಮಗೆ ದೊಡ್ಡದು. ನಾನೂ ಶನಿವಾರ ಬಂತೆಂದರೆ ಮಧುಗಿರಿಯಿಂದ ಬಸ್ಸು ಹತ್ತತೊಡಗಿದೆ.

ಮೊನ್ನೆ ಹೋದಾಗ, ವರ್ಷಗಳಿಂದ ಹುಡುಕುತ್ತಿದ್ದ ಒಂದು ಕಳ್ಳ ನಿಲಯ, ಇನ್ನು ಈ ಜನ್ಮದಲ್ಲಿ ಸಿಗದೆಂದು ಕೈಬಿಟ್ಟಿದ್ದದ್ದು, ಕೊಡಿಗೇನಹಳ್ಳಿಯ ಜಗುಲಿಯ ಮೇಲೆ, ಅಕ್ಕ ಬೇಲಿಯ ಗುಂಡಿ ಒತ್ತುವ ಮೊದಲೇ, ಸ್ಫಟಿಕದಂತೆ ಸ್ಪಷ್ಟವಾಗಿ ಸಿಕ್ಕಿಬಿಟ್ಟಿತು. ಹಾಡು ಮುಗಿಯುತ್ತಾ ಬಂತು. ಆತ ಇನ್ನೇನು ತನ್ನ ಹೆಸರು ಹೇಳಬೇಕು, ನಾನು ಉಸಿರು ಬಿಗಿಹಿಡಿದು ಕೂತಿದ್ದೇನೆ. ಭಾವ ಕೈ ಚಾಚಿ ರೇಡಿಯೋದ ಮೇಲಿಟ್ಟರು.

“ಆಫ್… ಮಾಡ್ಲಾ,” ಎಂದರು. “ನಾನ್… ಮಾತಾಡ್ಬೇಕು.”

ಆಫ್ ಮಾಡಿದೆ. ಅಕ್ಕ ಒಲೆ ಸಣ್ಣ ಮಾಡಿ ಬಂದು ಪಕ್ಕದಲ್ಲಿ ಕೂತಳು. ಭಾವ ಗಂಟಲು ಸರಿಪಡಿಸಿಕೊಂಡರು.