ಅವನನ್ನು ‘ಕುಂಕುಮದ ಎಂ.ಡಿ.’ ಅನ್ನಬೇಡಿ

“ಅಪ್ಪ ಹೋಗ್ಬಿಟ್ರು ಅಂಕಲ್...”

ಬೆಳಗ್ಗೆ ರವಣಪ್ಪನ ಮಗಳು ಫೋನ್ ಮಾಡಿ ಹೀಗಂದಳು.
“ಯಾವ ರವಣಪ್ಪ?” ಅಂತ ಕೇಳಿದೆ.
ಫೋನ್ ಮಾಡಿದವಳು ಅವನ ಮಗಳು... ಆದರೂ ಕೇಳಿದೆ ನೋಡಿ, ತಲೆ ಕೆಟ್ಟವನ ಹಾಗೆ.
ಹಾರ್ಟ್ ಅಟ್ಯಾಕ್ ಅಂತೆ. ಕಾಫಿ ಲೋಟ ಕೈಯಲ್ಲೇ ಇತ್ತಂತೆ.
ಮೊನ್ನೆ ಸಂಜೆ ತಾನೇ ನನ್ನ ಜೊತೆ ಮುಕ್ಕಾಲು ಗಂಟೆ ಮಾತಾಡಿದ್ದ!

ನಮ್ಮ ಟಿವಿ ಫ್ಯಾಕ್ಟರಿಯ ಹಳಬರ ಈ ಗ್ರೂಪಿನಲ್ಲಿ ಆಗಲೇ ಮೆಸೇಜ್‌ಗಳು ಬರುತ್ತಿವೆ.
“ಕುಂಕುಮದ ಎಂ.ಡಿ. ಇನ್ನಿಲ್ಲ” ಅಂತ ಒಬ್ಬರು ಹಾಕಿದ್ದಾರೆ.
ಓದಿದ ಕೂಡಲೇ ಇದನ್ನು ಬರೆಯಲು ಕೂತೆ...
ಆ ಹೆಸರು ಅವನದಲ್ಲ. ಇವತ್ತೂ ಬಾಯಿ ಬಿಡದಿದ್ದರೆ ನಾನು ಮನುಷ್ಯನೇ ಅಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ತಾಯಲೂರಿನ ರಾಗಿ ಹೊಲದಿಂದ ಬಂದವನು ರವಣಪ್ಪ.
ಎಪ್ಪತ್ತರ ದಶಕದಲ್ಲಿ ಮುಳಬಾಗಿಲಿನ ಒಂದು ರೇಡಿಯೋ ರಿಪೇರಿ ಅಂಗಡಿ... ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕೆಲಸ ಕಲಿತೆವು.
ಕೋಲಾರದಲ್ಲಿ ಫ್ಯಾಕ್ಟರಿ ಶುರುವಾದಾಗ ಇಬ್ಬರೂ ಸೇರಿದೆವು.
ನಾನು ಲೈನ್ ಸೂಪರ್‌ವೈಸರ್ ಆಗಿ ಅಲ್ಲೇ ನಿಂತೆ.
ಅವನು ಟೆಸ್ಟಿಂಗ್, ಸರ್ವೀಸ್, ಪ್ರೊಡಕ್ಷನ್ ಅಂತ ಹತ್ತುತ್ತಾ ಹೋಗಿ ಎಂಬತ್ತರ ದಶಕದಲ್ಲಿ ಎಂ.ಡಿ. ಆದ.
ಆ ಕುರ್ಚಿಯಲ್ಲಿ ಕೂತದ್ದು ಕಡಿಮೆ ಬಿಡಿ. ಕೋಟು ಬಿಚ್ಚಿಟ್ಟು ಲೈನಿಗೆ ಬಂದು ಸೋಲ್ಡರಿಂಗ್ ಐರನ್ ಹಿಡಿಯುತ್ತಿದ್ದ.
ಶ್ರೀನಿವಾಸಪುರದ ಬಸ್ಸಿನಲ್ಲಿ ಬರುತ್ತಿದ್ದ ಹೆಣ್ಣುಮಕ್ಕಳಿಗೆ ಅವನೇ ಕೆಲಸ ಕಲಿಸಿದ್ದು.
ಗೇಟಿನ ಒಳಗೆ ಅವನು ನನಗೆ ಸಾರ್... ಗೇಟು ದಾಟಿದರೆ ‘ಲೇ ರವಣ’.

ಆಮೇಲೆ ಆ ಆಯುಧಪೂಜೆ.
ದೀಪಾವಳಿ ಸೇಲಿಗೆ ಹೋಗಬೇಕಾದ ಟಿವಿಗಳು ಸಾಲಾಗಿ ನಿಂತಿದ್ದವು.
ಹೊರಗೆ ಕುಂಕುಮ ಇಟ್ಟರೆ ಕ್ಯಾಬಿನೆಟ್ ಮೇಲೆ ಕಲೆ ಉಳಿಯುತ್ತದೆ, ಗಿರಾಕಿಗಳು ಬೈಯುತ್ತಾರೆ ಅಂತ ನನ್ನ ಮಹಾಬುದ್ಧಿಗೆ ಹೊಳೆಯಿತು.
ಹಿಂದಿನ ಮುಚ್ಚಳ ಬಿಚ್ಚಿಸಿ, ಒಳಗಿನ ಸರ್ಕ್ಯೂಟ್ ಬೋರ್ಡಿಗೇ ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮ ಇಟ್ಟೆ...
ಒಂದನ್ನೂ ಬಿಡಲಿಲ್ಲ. ಭಕ್ತಿಯಿಂದಲೇ ಇಟ್ಟೆ.
ರವಣಪ್ಪ ಅವತ್ತು ಊರಿನಲ್ಲೇ ಇರಲಿಲ್ಲ.

ದೀಪಾವಳಿ ಮುಗಿಯುವಷ್ಟರಲ್ಲಿ ಮಾಲೂರು, ಮುಳಬಾಗಿಲು, ಎಲ್ಲ ಕಡೆಯಿಂದ ಸೆಟ್ಟುಗಳು ವಾಪಸ್.
ಟಪ್ ಅಂತ ಶಾರ್ಟ್ ಸರ್ಕ್ಯೂಟ್... ಹೊಗೆ... ಪರದೆ ಕಪ್ಪು.
ಮುಚ್ಚಳ ಬಿಚ್ಚಿದರೆ ಕುಂಕುಮ!

ಡೈರೆಕ್ಟರುಗಳು ಬಂದು ಎಲ್ಲರನ್ನೂ ನಿಲ್ಲಿಸಿ ಕೇಳಿದರು, “ಯಾರು ಮಾಡಿದ್ದು ಇದನ್ನ?”
ನಾನು ಮೆಲ್ಲಗೆ ಹಿಂದಿನ ಸಾಲಿಗೆ ಸರಿದುಕೊಂಡೆ.

ರವಣ...
ನೀನು ನನ್ನ ಕಡೆ ಒಂದೇ ಒಂದು ಸಲ ನೋಡಿದೆ.
“ನಾನೇ ಹೇಳಿ ಇಡ್ಸಿದ್ದು” ಅಂದುಬಿಟ್ಟೆ.
ದೇವಸ್ಥಾನದ ಮೆಟ್ಟಿಲು ಹತ್ತದವನು ಕಣೋ ನೀನು!
ಸೈಕಲ್ ಸ್ಟ್ಯಾಂಡಿನಲ್ಲಿ ನಿನ್ನ ಕೈ ಹಿಡಿದು ಕೇಳಿದೆ, “ಯಾಕ್ಲಾ ಹಂಗಂದೆ?”
“ನಿನ್ ಹೆಸ್ರು ಹೇಳಿದ್ರೆ ನಿನ್ ಲೈನಲ್ಲಿರೋ ಹೆಣ್ಮಕ್ಳನ್ನೂ ಮನೆಗ್ ಕಳಿಸ್ತಾರೆ ಕಣೋ. ನಂಗೇನು... ಸೋಲ್ಡರಿಂಗ್ ಬರ್ತದೆ. ಎಲ್ಲಾದ್ರೂ ಬದುಕ್ತೀನಿ.”

ಆ ವಾರವೇ ನಿನ್ನ ಕುರ್ಚಿ ಹೋಯಿತು.
ಎಂ.ಡಿ. ಆಗಿದ್ದವನು ಮುಳಬಾಗಿಲಿನ ಅದೇ ಬೆಂಚಿಗೆ ವಾಪಸ್ ಹೋಗಿ ಕೂತೆ.
ಕುಂಕುಮದ ಸೆಟ್ಟು ಬಂದರೆ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ, ಬಿಟ್ಟಿಯಾಗಿ ಸರಿಮಾಡಿ ಕೊಟ್ಟೆ.
ನಾನು ಮಾತ್ರ ರಿಟೈರ್ ಆಗುವವರೆಗೂ ಅಲ್ಲೇ ಸೂಪರ್‌ವೈಸರ್.
‘ಕುಂಕುಮದ ಎಂ.ಡಿ.’ ಅಂತ ಕ್ಯಾಂಟೀನಿನಲ್ಲಿ ನಕ್ಕರೆ ನಾನೂ ಜೊತೆಗೆ ನಕ್ಕಿದ್ದೇನೆ.
ಥೂ ನನ್ನ ಜನ್ಮಕ್ಕೆ...

ಮೊನ್ನೆ ಫೋನಿನಲ್ಲಿ ಹೇಳಿದ್ದೆ, “ಭಾನುವಾರ ಗ್ರೂಪಲ್ಲಿ ಎಲ್ಲಾ ಬರ್ದ್ಬಿಡ್ತೀನಿ ಕಣೋ. ತಡ್ಕೊಳಕ್ಕಾಗ್ತಿಲ್ಲ.”
ನೀನು ನಕ್ಕೆ. ಸುಮ್ಮನಿರಿಸಬೇಕಾದರೆ ನಿನಗೆ ತೆಲುಗೇ ಬರುವುದು.
“ಊರ್ಕೋರಾ... ಈ ವಯಸ್ಸಲ್ಲಿ ನಿಂಗ್ಯಾಕೆ ಅವಮಾನ? ನಾನ್ ಹೋದ್ಮೇಲ್ ಬರ್ಕೋ.”

ತಮಾಷೆ ಅಂದುಕೊಂಡೆ ಕಣೋ...
ಇವತ್ತಿನ್ನೂ ಶುಕ್ರವಾರ.
ಭಾನುವಾರದವರೆಗಾದರೂ ಇರಬಾರದಿತ್ತಾ?

ಬರೆದಿದ್ದೇನೆ ನೋಡು.
ಹೋಗಿ ಬಾ ರವಣ... ನಿನ್ನ ಜೀವ ತಣ್ಣಗಿರಲಿ.

ಕುಂಕುಮ ಇಟ್ಟವನು,
ನಾಗರಾಜ