ಎರಡು ಹನಿ ನೀಲಿ

ಬಿಳಿ ಸೀರೆಗೆ ಹಾಕುವ ನೀಲಿಯ ಬಾಟಲಿ ನಮ್ಮ ರಾಮನಗರದ ಮನೆಯ ಬಚ್ಚಲ ಗೂಡಿನಲ್ಲಿ ನಾನು ಮದುವೆಯಾಗಿ ಬಂದಾಗಿನಿಂದ ಇದೆ; ಬಾಟಲಿಗಳು ಬದಲಾಗಿವೆ, ಗೂಡಿನ ಕಲೆ ಮಾತ್ರ ಅದೇ. ಕಾನ್ವೆಂಟಿನ ಸಿಸ್ಟರ್‌ಗಳ ಉಡುಪು ನೋಡಿಕೊಂಡು ಬೆಳೆದವಳು ನಾನು, ಒಂಚೂರು ನೀಲಿ ಬೆರೆಯದ ಬಿಳುಪು ನನಗೆ ಬಿಳುಪೇ ಅಲ್ಲ. ಹೋದ ಭಾನುವಾರ, ಆಸ್ಪತ್ರೆಗೆ ಉಟ್ಟು ಹೋಗುವ ಸೀರೆ ಸ್ಪಾಟ್‌ಲೆಸ್ ಆಗಿರಲಿ ಎಂಬ ಆಸೆಗೆ, ಎರಡು ಹನಿಯ ಜಾಗದಲ್ಲಿ ಮುಚ್ಚಳ ತುಂಬ ಸುರಿದುಬಿಟ್ಟೆ. ಬಟ್ಟೆ ಒಗೆಯಲು ಬರುವ ಅಕ್ಕೂರಿನ ರತ್ನಮ್ಮ ಬಕೆಟ್ಟಿಗೆ ಇಣುಕಿದಳು.

"ಇದೇನ್ ಅಮ್ಮೋರೆ, ಆಸ್ಪತ್ರೆಗೆ ಹೋಯ್ತಿದ್ದೀರೋ, ಇಲ್ಲ ನಾಟಕದಲ್ಲಿ ಕೃಷ್ಣನ ಪಾರ್ಟು ಮಾಡಕ್ಕೋ? ಒಸಿ ಹಾಕಿ ಅಂದ್ರೆ ಬಾಟ್ಲಿನೇ ಬಗ್ಗಿಸ್ಬುಟ್ಟಿದ್ದೀರಲ್ಲ!"

ಎರಡು ವರ್ಷದ ಹಿಂದೆ ನನ್ನ ಎದೆಯಿಂದ ತೆಗೆದ ಗಂಟಿನ ಚೂರೊಂದು ಅಂಚಿನಲ್ಲಿ ಉಳಿದು, ಈಗ ಮತ್ತೆ ಬೆಳೆದಿದೆ. ಗುರುವಾರ ಎರಡನೆಯ ಆಪರೇಷನ್. ಡಾಕ್ಟರನ್ನು ದೂರಲಾರೆ, ಒಳಗೆ ಒಳ್ಳೆಯದೂ ಕೆಟ್ಟದ್ದೂ ಹೆಚ್ಚುಕಡಿಮೆ ಒಂದೇ ಬಣ್ಣವಂತೆ. ಈ ಸಲವಾದರೂ ಪೂರ್ತಿ ಕಂಡೀತೇ ಎಂಬುದೊಂದೇ ನನ್ನ ಚಿಂತೆ.

ಆ ಕಾಣಿಸುವ ಕೆಲಸವೇ ಮಗಳ ಮಗಳು ಸುಮನಾಳದು. ದಿನಾ ರೈಲು ಹತ್ತಿ ಬೆಂಗಳೂರಿನ ಲ್ಯಾಬಿಗೆ ಹೋಗಿ, ಗಂಟಿನ ಕೋಶಗಳನ್ನಷ್ಟೇ ಗುರುತು ಹಿಡಿದು ಅಂಟಿಕೊಳ್ಳುವ ಆ್ಯಂಟಿಬಾಡಿಗೆ ಹೊಳೆಯುವ ಬಣ್ಣ ಕಟ್ಟುತ್ತಾಳೆ. ವಿಶೇಷ ಕ್ಯಾಮೆರಾದಲ್ಲಿ ನೋಡಿದರೆ ಉಳಿದ ಚೂರೂ ಮಿಣುಕಬೇಕು. ನನ್ನ ಬಕೆಟ್ಟು ನೋಡಿ ಅವಳಿಗೆ ನಗು.

"ನಂದೂ ಇದೇ ಗೋಳು ಅಜ್ಜಿ! ಜಾಸ್ತಿ ಹೊಳೀಲಿ ಅಂತ ಬಣ್ಣ ಹೇರಿದ್ದೆ. ಒಂದು ಕಣದ ಬೆಳಕನ್ನ ಇನ್ನೊಂದು ನುಂಗಿಹಾಕ್ತು, ಆ್ಯಂಟಿಬಾಡಿಗೆ ಗಂಟಿನ ಗುರುತೂ ಸಿಗಲಿಲ್ಲ. ಈಗ ಒಂದು ಆ್ಯಂಟಿಬಾಡಿಗೆ ಎರಡೇ ಬಣ್ಣದ ಕಣ ಕಟ್ತಿದ್ದೀನಿ."

"ಗುರುವಾರಕ್ಕೆ ನನಗೂ ಒಂದು ಡೋಸ್ ತರ್ತೀಯೇನೇ?" ತಮಾಷೆಯಂತೆ ಕೇಳಿದೆ, ತಮಾಷೆಯಾಗಿರಲಿಲ್ಲ.

ಅವಳ ನಗು ನಿಂತಿತು. "ಇಲ್ಲ ಅಜ್ಜಿ. ಇನ್ನೂ ಇಲಿಗಳ ಮೇಲಿನ ಪ್ರಯೋಗದಲ್ಲೇ ಇದೆ."

"ಲಕ್ಕಿ ಇಲಿಗಳು," ಎಂದೆ.

ಅವಳು ಒಗೆಯುವ ಕಲ್ಲಿನ ಬಳಿ ಕುಳಿತು ನನ್ನ ಸೀರೆಯನ್ನು ಜಾಲಿಸತೊಡಗಿದಳು. ಜಾಲಿಸುತ್ತಲೇ, ನೀರಿಗೇ ಹೇಳುವಂತೆ ಹೇಳಿದಳು: ಬಣ್ಣ ಕೊಟ್ಟ ತಕ್ಷಣ ಗಂಟು ಬೇರೆಯಾಗಿ ಕಾಣುವುದಿಲ್ಲ, ಇಲಿಯ ಮೈಯೆಲ್ಲ ಹೊಳೆಯುತ್ತದೆ, ಅಂಟದೆ ರಕ್ತದಲ್ಲಿ ಅಲೆಯುವುದೆಲ್ಲ ದಿನಗಟ್ಟಲೆ ತೊಳೆದುಹೋಗಬೇಕು, ಆಮೇಲೆಯೇ ಅಂಟಿದ್ದು ಕಣ್ಣಿಗೆ ಬೀಳುವುದು.

ನೋಡಿ, ವಯಸ್ಸು ನನಗೆ ಮಾಡಿದ್ದೂ ಇಷ್ಟೇ. ಎಷ್ಟೆಲ್ಲ ಹೆಸರು, ಮುನಿಸು, ಕಾನ್ವೆಂಟಿನಲ್ಲಿ ಹಾಡುತ್ತಿದ್ದ ಹಿಮ್ನ್‌ಗಳ ಸಾಲು ತೊಳೆದುಹೋದವು. ಅಂಟಿಕೊಂಡ ನಾಲ್ಕು ಮುಖಗಳು ಈಗಲೇ ಹೆಚ್ಚು ಹೊಳೆಯುತ್ತವೆ, ಅದರಲ್ಲೊಂದು ಈ ಒದ್ದೆ ಕೈಯ ಹುಡುಗಿಯದು. ಆದರೆ ನನ್ನೊಳಗಿನ ಆ ಚೂರಿಗೆ ಗುರುವಾರ ಯಾವ ಬೆಳಕೂ ಇಲ್ಲ, ಡಾಕ್ಟರ ಬೆರಳು ಮತ್ತು ಕಣ್ಣು ಅಷ್ಟೆ. ಹೆದರಿಕೆಯಿದೆ, ಇಲ್ಲವೆಂದರೆ ಸುಳ್ಳಾದೀತು.

ಹಗ್ಗದ ಮೇಲೆ ಸೀರೆ ಒಣಗಿತು. ಬಿಳುಪು ಬಂದಿದೆ, ಸೆರಗಿನ ಮೂಲೆಯಲ್ಲಿ ಮಾತ್ರ ಒಂದು ನೀಲಿ ಮಚ್ಚೆ ಕೂತುಬಿಟ್ಟಿದೆ. "ನಿಂಬೆಹಣ್ಣು ಉಜ್ತೀನಿ ತಡೀರಿ," ಎಂದು ರತ್ನಮ್ಮ ಹೊರಟಳು. ಬೇಡವೆಂದೆ. ಇದನ್ನೇ ಉಟ್ಟು ಹೋಗುತ್ತೇನೆ. ಸುಮನಾ ಗುರುವಾರ ರಜೆ ಹಾಕುತ್ತೇನೆಂದಳು, ಅದಕ್ಕೂ ಬೇಡವೆಂದೆ. ಅವಳು ಲ್ಯಾಬಿನಲ್ಲಿ ಕೂತು ಆ ಎರಡು ಹನಿಯನ್ನು ಸರಿಯಾಗಿ ಹಾಕಲಿ, ಇನ್ಯಾರದೋ ಗುರುವಾರಕ್ಕೆ.