ಇಂಜಿನ್ನಿಗೆ ಹಚ್ಚಿದ ಗಟ್ಟಿ ಪೇಸ್ಟು

ಅಪ್ಪ ದನಗಳಿಗೆ ಸೂಜಿ ಹಾಕುವ ನೌಕರಿಯಲ್ಲಿದ್ದ. ಸೇಡಂನಿಂದ ಕುರಕುಂಟಾ, ಕೊಡ್ಲಿ ಎಂದು ತಿರುಗಲು ಮಿಲಿಟರಿ ಹರಾಜಿನಲ್ಲಿ ಬಂದ ಹಳೆಯ ಫಟಫಟಿ ಮೋಟಾರ್ ಸೈಕಲ್ ಇಟ್ಟುಕೊಂಡಿದ್ದ. ಪ್ರತಿ ಬೇಸಿಗೆ ಅದರ ಇಂಜಿನ್ ಬಿಚ್ಚಿ ಪಡಸಾಲೆ ತುಂಬ ಹರಡುತ್ತಿದ್ದ. ಅಡುಗೆಮನೆಗೆ ಹೋಗಲು ದಾರಿಯಿಲ್ಲವೆಂದು ಅವ್ವ ಕೂಗಾಡಿದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ನಾನು ಅವನ ಪಕ್ಕದಲ್ಲಿ ನಟ್ಟು ಬಿಚ್ಚುವ ಪಾನಾ ಎತ್ತಿಕೊಡುತ್ತ ಬೆಳೆದವಳು.

ನಾನು ಕಾಲೇಜು ಮುಗಿಸಿದ ವರ್ಷ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು. ಮಾತು ತೊದಲುತ್ತಿತ್ತು, ಆದರೆ ಹೋಗಿರಲಿಲ್ಲ. ಅವನೇ ಆಡುವುದನ್ನು ಬಿಟ್ಟ. ಅಂಗಳದಲ್ಲಿ ನಿಂತ ಗಾಡಿಯ ಇಂಜಿನ್ನಿನಿಂದ ಎಣ್ಣೆ ಸೋರಿ ನೆಲ ಕರ್ರಗಾಗಿತ್ತು. ಅದನ್ನು ಸರಿಮಾಡಿದರೆ ಅಪ್ಪನೂ ಎದ್ದಾನು ಎಂದು ನನಗೆ ಹಟ ಹಿಡಿಯಿತು. ಹೆಣ್ಣುಮಗಳಿಗೆ ಯಾಕೆ ಈ ಉಸಾಬರಿ ಎಂದ ಸೋದರಮಾವನಿಗೆ ಮುಖ ಮುರಿಯುವಂತೆ ಉತ್ತರ ಕೊಟ್ಟೆ.

ಇಂಜಿನ್ನಿನ ಮುಚ್ಚಳ ಬಿಚ್ಚಿದೆ. ನಮ್ಮ ಕಡೆ ಎಣ್ಣೆ ಸೋರದಂತೆ ಮುಚ್ಚಳದ ಅಂಚನ್ನು ಮಟ್ಟ ಮಾಡಲು ಶಹಾಬಾದಿ ಕಲ್ಲಿನ ನೆಲವೇ ಸಾಕು. ನುಣುಪಾದ ಪರಸಿಕಲ್ಲಿನ ಮೇಲೆ ಪಾಲಿಶ್ ಕಾಗದ ಹಾಸಿ, ಮುಚ್ಚಳ ಬೋರಲು ಹಾಕಿ ಸುತ್ತ ತಿರುಗಿಸುತ್ತ ಉಜ್ಜಬೇಕು. ನಾನು ಬೇಕೆಂದೇ ಹಿಂದೆ ಮುಂದೆ ಎಳೆದು ತಪ್ಪಾಗಿ ಉಜ್ಜಿದೆ. ಹಿಂದಿನ ಅಪ್ಪನಾಗಿದ್ದರೆ ತಲೆಗೆ ಮೊಟಕುತ್ತಿದ್ದ. ಹೊರಸಿನ ಮೇಲೆ ಕುಳಿತವನು ಸುಮ್ಮನೆ ನೋಡಿದ. ನನಗೆ ಹೆದರಿಕೆಯಾಯಿತು.

ಮುಚ್ಚಳ ಕೂಡಿಸುವ ಪೇಸ್ಟು ತರಲು ರೈಲು ಹತ್ತಿ ವಾಡಿಗೆ ಹೋದೆ. ಸ್ಟೇಷನ್ ಹತ್ತಿರದ ಅಂಗಡಿಯ ಸಾಹೇಬರು ಎರಡು ಟ್ಯೂಬು ತೆಗೆದಿಟ್ಟು ಕೇಳಿದರು:

"ಒಮ್ಮೆ ಹಚ್ಚಿ ಬಿಟ್ಟುಬಿಡಾದೇನವ್ವಾ, ಇಲ್ಲಾ ಮತ್ತ ಬಿಚ್ಚಾದೈತೇನು?"

ಒಂದು ಒಣಗಿ ಕಲ್ಲಾಗುತ್ತದೆ, ಸೋರುವ ಮಾತೇ ಇಲ್ಲ, ಆದರೆ ಮುಂದೆ ಬಿಚ್ಚಲು ಹೋದರೆ ಮುಚ್ಚಳವೇ ಒಡೆದೀತು. ಇನ್ನೊಂದು ಒಣಗುವುದಿಲ್ಲ, ಬೇಕೆಂದಾಗ ಬಿಚ್ಚಬಹುದು, ಒಂದೆರಡು ಹನಿ ಜಿನುಗಿದರೂ ಜಿನುಗಬಹುದು. ಅಪ್ಪ ಜೀವಮಾನವೆಲ್ಲ ಹಚ್ಚಿದ್ದು ಮೆತ್ತಗಿನದನ್ನೇ. ಆದರೂ ಎರಡನ್ನೂ ತಂದೆ. ಆರಿಸುವ ನೆಪದಲ್ಲಾದರೂ ಬಾಯಿ ಬಿಡಲಿ, ಗಟ್ಟಿಯದನ್ನು ಯಾಕೆ ತಂದೆ ಎಂದು ಬೈಯಲಿ ಎಂಬುದು ನನ್ನ ಆಸೆ.

ಎರಡನ್ನೂ ಅವನ ಮುಂದಿಟ್ಟೆ. ಅಪ್ಪ ಎಡಗೈಯಿಂದ ಒಂದೊಂದನ್ನೇ ಒತ್ತಿ ನೋಡಿದ. ಗಟ್ಟಿಯದನ್ನು ನನ್ನ ಕಡೆ ಸರಿಸಿದ.

"ಇದನ್ನ ಹಚ್ಚು, ಯವ್ವಾ. ಮತ್ತ ಬಿಚ್ಚಾಂವ ಯಾರದಾನ?"

ನಾನಿದ್ದೇನೆ ಎನ್ನಬೇಕೆಂದುಕೊಂಡೆ. ಆದರೆ ಗಟ್ಟಿಯ ಟ್ಯೂಬನ್ನೇ ಎತ್ತಿಕೊಂಡೆ. ಅವನು ಹೇಳಿದಂತೆ ಹಚ್ಚಿ, ನಟ್ಟು ಬಿಗಿದೆ.

ಅಪ್ಪ ಆಮೇಲೂ ಬಹಳ ವರ್ಷ ಬದುಕಿದ. ಒಮ್ಮೆಯೂ ಆ ಗಾಡಿಯ ಹತ್ತಿರ ಹೋಗಲಿಲ್ಲ. ಇಂಜಿನ್ ಒಂದು ಹನಿಯನ್ನೂ ಸೋರಲಿಲ್ಲ. ಸೋರಿದ್ದರೆ ಅವನನ್ನು ಕರೆಯಲು ನನಗೊಂದು ನೆಪವಾದರೂ ಇರುತ್ತಿತ್ತು.